ಇಂಜಿನ್ನಿನ ಜಮಾ-ಖರ್ಚು



ಈ ತಿಂಗಳ ಅಂಕಣವನ್ನು ನಮ್ಮ ಮನೆಯಲ್ಲೇ ನಡೆದ ಒಂದು ಸಣ್ಣ ಜಗಳದಿಂದ ಪ್ರಾರಂಭಿಸುತ್ತೇವೆ. ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು ನಿಮ್ಮ ಮನೆಗಳಂತೆ ನಮ್ಮ ಮನೆಯಲ್ಲೂ ಹಿರಿಯರಿಂದ ಬಂದ ಪದ್ಧತಿ. ಹನ್ನೆರಡನೆಯ ಇಯತ್ತೆಯ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ ಮೊಮ್ಮಗ ಅಂದು ಎಷ್ಟು ಕರೆದರೂ ಮಹಡಿಯಿಂದ ಇಳಿಯಲೊಲ್ಲ. ಸೊಸೆ ಕರೆದಳು, ನಮ್ಮ ಮನೆಯವರು ಕರೆದರು. "ಬಂದೆ ಅಜ್ಜೀ, ಇಂಜಿನ್ ಟೆಸ್ಟಿಗೆ ಹಚ್ಚೇನಿ, ಎರಡ ನಿಮಿಷ" ಎಂಬ ಮಾತು ಮಾತ್ರ ಕೆಳಗೆ ಬಂತು. ಕೊನೆಗೆ ನಾವೇ ಸಿಟ್ಟಿನಿಂದ ಮೆಟ್ಟಿಲು ಹತ್ತಿದೆವು. ಈ ಕಂಪ್ಯೂಟರನ್ನು ಇಂದೇ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿಸಬೇಕು ಎಂಬ ನಿಶ್ಚಯವಾಗಿತ್ತು.

ಮೇಲೆ ಹೋಗಿ ನೋಡಿದರೆ ಪರದೆಯ ಮೇಲೆ ನಾಲ್ಕು ಸಿಲಿಂಡರಿನ ಒಂದು ಇಂಜಿನ್ ತಿರುಗುತ್ತಿತ್ತು. ಬ್ಲಾಕು, ಹೆಡ್ಡು, ಕ್ರ್ಯಾಂಕು, ಪಿಸ್ಟನ್ನು ಎಲ್ಲವೂ ನಮ್ಮ ಅಂಗಡಿಯ ಕಪಾಟಿನಲ್ಲಿ ಇರುವ ಹಾಗೆಯೇ ಕಾಣುತ್ತಿದ್ದವು. ಬದಿಯಲ್ಲಿ ಬೋರ್ ಇಷ್ಟು ಮಿಲಿಮೀಟರ್, ಸ್ಟ್ರೋಕ್ ಇಷ್ಟು ಮಿಲಿಮೀಟರ್ ಎಂದು ಅಂಕಿಗಳಿದ್ದವು. ಸಾಂಗಲಿಯಲ್ಲಿ ನಲವತ್ತೈದು ವರ್ಷಗಳಿಂದ ಪಿಸ್ಟನ್, ಲೈನರ್, ರಿಂಗುಗಳ ವ್ಯಾಪಾರ ಮಾಡಿಕೊಂಡು ಬಂದವರು ನಾವು. ಬೈಯಲು ಹೋದವರು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆವು. ಹೀಗೆ ಅಂದು ಅಜ್ಜ ಮೊಮ್ಮಗ ಇಬ್ಬರದೂ ಊಟ ತಪ್ಪಿತು. ಅದಕ್ಕಾಗಿ ನಮ್ಮ ಮನೆಯವರಿಂದ ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಈ ಆಟದ ಹೆಸರು 'ಆಟೊಮೇಶನ್'. ಕ್ಯಾಮ್‌ಶಾಫ್ಟ್ ಸಾಫ್ಟ್‌ವೇರ್ ಎಂಬ ಸಂಸ್ಥೆಯವರು ಮಾಡಿದ್ದು. 2015ರಲ್ಲಿ ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಬಂತು. ಇದರಲ್ಲಿ ಕಾರು ಓಡಿಸುವುದಕ್ಕಿಂತ ಕಟ್ಟುವುದೇ ಮುಖ್ಯ ಕೆಲಸ. 1946ರಿಂದ 2020ರವರೆಗಿನ ಯಾವುದಾದರೊಂದು ವರ್ಷ ಆರಿಸಿಕೊಂಡು, ಆ ಕಾಲದಲ್ಲಿ ಸಿಗುತ್ತಿದ್ದ ಸಾಮಾನಿನಿಂದ ಇಂಜಿನ್ ಮಾಡಬೇಕು. ಬ್ಲಾಕು ಬೀಡಿನದೋ ಅಲ್ಯುಮಿನಿಯಮ್ಮಿನದೋ, ಪಿಸ್ಟನ್ ಎರಕದ್ದೋ ಫೋರ್ಜಿಂಗಿನದೋ, ಕಾರ್ಬ್ಯುರೇಟರ್ ಎಷ್ಟು, ಕಂಪ್ರೆಷನ್ ಎಷ್ಟು, ನಿಮಿಷಕ್ಕೆ ಎಷ್ಟು ಸುತ್ತು, ಎಲ್ಲವನ್ನೂ ನಾವೇ ಹೇಳಬೇಕು. ಆಮೇಲೆ ಯಂತ್ರ ಅದನ್ನು ತಿರುಗಿಸಿ, ಎಷ್ಟು ಎಚ್‌ಪಿ ಬಂತು, ಎಣ್ಣೆ ಎಷ್ಟು ಕುಡಿಯಿತು, ಎಷ್ಟು ಅಲುಗಿತು, ಎಷ್ಟು ದಿನ ಬಾಳೀತು, ಮಾಡಲು ಎಷ್ಟು ಹಣ ಎಷ್ಟು ತಾಸು ಬೇಕಾಯಿತು ಎಂದು ಪಟ್ಟಿ ಕೊಡುತ್ತದೆ. ಹಾಗೆ ಮಾಡಿದ ಕಾರನ್ನು ಬೀಮ್‌ಎನ್‌ಜಿ ಎಂಬ ಇನ್ನೊಂದು ಆಟಕ್ಕೆ ಒಯ್ದು ಓಡಿಸಲೂ ಬರುತ್ತದೆ. "ಇದರಾಗ ಡೀಸೆಲ್ ಎಲ್ಲೈತೋ?" ಎಂದು ನಾವು ಕೇಳಿದ ಮೊದಲನೆಯ ಪ್ರಶ್ನೆ. "ಡೀಸೆಲ್ ಇಲ್ಲಜ್ಜಾ" ಎಂದ. ನಮ್ಮ ಹೊಟ್ಟೆ ತುಂಬಿಸಿದ ಇಂಜಿನ್ನಿಗೇ ಅಲ್ಲಿ ಜಾಗವಿಲ್ಲವಲ್ಲ ಎಂದು ಸ್ವಲ್ಪ ಬೇಸರವಾಯಿತು.

ಆದರೂ ಆಟದ ಮೂಲ ಲೆಕ್ಕ ನಮಗೆ ಮೆಚ್ಚಿಗೆಯಾಯಿತು. ಯಾವುದನ್ನು ಹೆಚ್ಚಿಸಿದರೂ ಇನ್ನೊಂದು ಕಡೆ ಅದರ ಖರ್ಚು ಬೀಳುತ್ತದೆ. ಬೋರ್ ದೊಡ್ಡದು ಮಾಡಿದರೆ ದೊಡ್ಡ ವಾಲ್ವು ಕೂಡುತ್ತದೆ, ಹವೆ ಹೆಚ್ಚು ಒಳಗೆ ಹೋಗುತ್ತದೆ, ಆದರೆ ಇಂಜಿನ್ ಉದ್ದವೂ ತೂಕವೂ ಬೆಳೆಯುತ್ತವೆ. ಕಂಪ್ರೆಷನ್ ಏರಿಸಿದರೆ ಅಷ್ಟೇ ಪೆಟ್ರೋಲಿಗೆ ಹೆಚ್ಚು ಶಕ್ತಿ ಸಿಗುತ್ತದೆ, ಆದರೆ ಮಿತಿ ದಾಟಿದರೆ ನಾಕಿಂಗ್ ಶುರುವಾಗುತ್ತದೆ. ಅಂದರೆ ಪ್ಲಗ್ಗಿನ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲಿನ ಹವೆ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಸುತ್ತು ಹೆಚ್ಚಿಸಿದರೆ ಎಚ್‌ಪಿ ಏರುತ್ತದೆ, ಆದರೆ ಎರಕದ ಪಿಸ್ಟನ್ನು ರಾಡುಗಳು ತಾಳುವುದಿಲ್ಲ. ತಾಳುವಂಥ ಫೋರ್ಜಿಂಗಿನ ಸಾಮಾನು ಹಾಕಿದರೆ ಬೆಲೆ ಏರಿ ಗಿರಾಕಿ ಹೋಗುತ್ತಾನೆ. ನಮ್ಮ ಕಿರ್ದಿ-ಖತಾವಣಿಯಲ್ಲಿ ಒಂದು ಬದಿಗೆ ಬರೆದದ್ದಕ್ಕೆ ಇನ್ನೊಂದು ಬದಿ ಇದ್ದೇ ಇರುತ್ತದಲ್ಲ, ಇದೂ ಹಾಗೆಯೇ.

ಆಟ ನಿಜ ಹೇಳುತ್ತದೋ ಇಲ್ಲವೋ ಪರೀಕ್ಷೆ ಮಾಡೋಣವೆಂದು ನಮಗೆ ಗೊತ್ತಿದ್ದ ಎರಡು ಇಂಜಿನ್ನುಗಳ ಅಳತೆ ಹೇಳಿದೆವು. ಮೊದಲನೆಯದು ಪ್ರೀಮಿಯರ್ ಪದ್ಮಿನಿ. ಬೋರ್ 68, ಸ್ಟ್ರೋಕ್ 75 ಮಿಲಿಮೀಟರ್, ನಾಲ್ಕು ಸಿಲಿಂಡರ್, 1089 ಸಿಸಿ. ಎರಡನೆಯದು ಅಂಬಾಸಡರ್. ಬೋರ್ 73, ಸ್ಟ್ರೋಕ್ 88.9 ಮಿಲಿಮೀಟರ್, 1489 ಸಿಸಿ. ಪದ್ಮಿನಿಯ ಪಿಸ್ಟನ್ ಕಡಿಮೆ ದೂರ ಓಡಾಡುತ್ತದೆ, ಅಂಬಾಸಡರಿನದು ಕಿರಿದಾದ ಎತ್ತರದ ತಂಬಿಗೆಯಲ್ಲಿ ಮೇಲೆ ಕೆಳಗೆ ಆಡಿದಂತೆ. ಅದಕ್ಕೇ ಅಂಬಾಸಡರ್ ಕಡಿಮೆ ಸುತ್ತಿನಲ್ಲೂ ಮಂದಿ ತುಂಬಿಕೊಂಡು ಘಾಟು ಹತ್ತುತ್ತಿತ್ತು, ಓಟದ ಕೆಲಸ ಮಾತ್ರ ಅದರದಲ್ಲ. ಮೊಮ್ಮಗ ಪದ್ಮಿನಿಯ ಅಂಕಿ ಹಾಕಿದಾಗ ಮೊದಲು ಎಚ್‌ಪಿ ಹೆಚ್ಚೇ ಬಂತು. "ಕಾರ್ಬ್ಯುರೇಟರ್ ಸಣ್ಣದ ಹಾಕಪಾ, ಕಂಪ್ರೆಷನ್ ಇಳಸು" ಎಂದೆವು. ಇಳಿಸುತ್ತ ಬಂದಂತೆ ನಲವತ್ತರ ಆಸುಪಾಸಿಗೆ ಬಂದು ನಿಂತಿತು. ನಿಜವಾದ ಪದ್ಮಿನಿಯ ಶಕ್ತಿಯೂ ಸುಮಾರು ಅಷ್ಟೇ. ಸೋಪಾನದ ಮೇಲೆ ಕುಳಿತಂತೆ ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದು ಸತ್ಯದ ಹತ್ತಿರ ಬಂದೆವು.

ಪದ್ಮಿನಿಯ ಮಾತು ಬಂದಾಗ ನಮ್ಮ ಸಮಾಜದ ಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು. ಆ ಕಾರನ್ನು ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ಶೇಠ ವಾಲಚಂದ ಹಿರಾಚಂದರು. 1882ರಲ್ಲಿ ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದಲ್ಲಿ ಹುಟ್ಟಿದವರು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆ ಹುಟ್ಟಲು ಕಾರಣರಾದವರೂ ಅವರೇ. ನಮ್ಮ ಸಾಂಗಲಿಯ ವಿಶ್ರಾಮಬಾಗದಲ್ಲಿ 1947ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು ಮುಂದೆ ಅವರ ಹೆಸರನ್ನೇ ಪಡೆಯಿತು. ತಕ್ಕಡಿ ಹಿಡಿದ ಮನೆತನದವರಿಗೆ ಕಬ್ಬಿಣದ ಕೆಲಸ ಬಾರದು ಎನ್ನುವವರು ಇದನ್ನು ನೆನಪಿಡಬೇಕು.

ಇನ್ನು ಮೊಮ್ಮಗನ ಸ್ವಂತ ಇಂಜಿನ್ನಿನ ಕಥೆ. ಅವನು ಸ್ಟ್ರೋಕ್ 90 ಮಿಲಿಮೀಟರ್ ಇಟ್ಟು ನಿಮಿಷಕ್ಕೆ 7500 ಸುತ್ತು ಓಡಿಸಿದ್ದ. ನಾವು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ ಒಮ್ಮೆ ಕೆಳಗೆ, ಅಂದರೆ 180 ಮಿಲಿಮೀಟರ್ ಓಡುತ್ತದೆ. 7500 ಸುತ್ತಿಗೆ ಸರಾಸರಿ ಸೆಕೆಂಡಿಗೆ ಇಪ್ಪತ್ತೆರಡೂವರೆ ಮೀಟರ್. ನಮ್ಮ ಹೊಲಗಳಲ್ಲಿ ಓಡಿದ ಕಿರ್ಲೋಸ್ಕರ್ ಎವಿ-1 ಇಂಜಿನ್ನಿನದು ಬೋರ್ 80, ಸ್ಟ್ರೋಕ್ 110, 1500 ಸುತ್ತು, 5 ಎಚ್‌ಪಿ. ಅದರ ಪಿಸ್ಟನ್ ಸೆಕೆಂಡಿಗೆ ಐದೂವರೆ ಮೀಟರ್ ಮಾತ್ರ ನಡೆಯುತ್ತದೆ. ಒಂದು ಕುದುರೆ, ಇನ್ನೊಂದು ಎತ್ತು. ಆಟದಲ್ಲಿ ಕುದುರೆಗೆ ಪೂರ್ಣ ಅಂಕ, ಎತ್ತಿಗೆ ಏನೂ ಇಲ್ಲ.

ಅವನ ಇಂಜಿನ್ ಮೊದಲ ಪರೀಕ್ಷೆಯಲ್ಲಿ ಮುರಿಯಿತು. ಅವನು ಏನು ಮಾಡಿದ ಗೊತ್ತೆ? ಗುಣಮಟ್ಟ ಎಂದು ಬರೆದ ಒಂದು ಗುಂಡಿಯನ್ನು ಬಲಕ್ಕೆ ಎಳೆದ. ಬೆಲೆ ಏರಿತು, ತಾಸು ಏರಿತು, ಇಂಜಿನ್ ಬದುಕಿತು. ನಮಗೆ ನಗು ಬಂತು. ಇಂಥ ಗುಂಡಿ ಒಂದು ನಮ್ಮ ಧಂದೆಯಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಆಟ ಮಾಡುವವರ ಕಷ್ಟವೂ ಇದೆ. ಯಾವುದೋ ಒಂದು ಸಾಮಾನು ಎಲ್ಲದರಲ್ಲೂ ಉತ್ತಮವಾದರೆ ಎಲ್ಲರೂ ಅದನ್ನೇ ಆರಿಸುತ್ತಾರೆ, ಆಗ ಆಟ ಎಲ್ಲಿ ಉಳಿಯಿತು? ಪೂರಾ ನಿಜದಂತೆ ಮಾಡಿದರೆ ಒಂದು ಇಂಜಿನ್ನಿಗೆ ಮೂರು ವರ್ಷ ಕೂಡಬೇಕು, ಯಾರೂ ಆಡುವುದಿಲ್ಲ. ಪೂರಾ ಸುಲಭ ಮಾಡಿದರೆ ಆಡಿದವನು ಏನೂ ಕಲಿಯುವುದಿಲ್ಲ. ಆದ್ದರಿಂದ ಅವರು ಆಗಾಗ ಲೆಕ್ಕ ತಿದ್ದುತ್ತಾರಂತೆ. ತಿದ್ದಿದಾಗ ಹುಡುಗರು ಕಷ್ಟಪಟ್ಟು ಮಾಡಿದ ಹಳೆಯ ಇಂಜಿನ್ನುಗಳ ಅಂಕ ಬದಲಾಗಿ ಅವರಿಗೆ ಸಿಟ್ಟು ಬರುತ್ತದೆ. ಇದು ನಮಗೆ ಹೊಸದಲ್ಲ. ಸರ್ಕಾರ 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್-6 ನಿಯಮ ತಂದಾಗ ಹಿಂದಿನ ದಿನದವರೆಗೆ ಒಳ್ಳೆಯದೆನಿಸಿಕೊಂಡ ಇಂಜಿನ್ನುಗಳು ಒಂದು ರಾತ್ರಿಯಲ್ಲಿ ಮಾರಲು ಬಾರದವಾದವು. ಅದಕ್ಕೂ ಮೊದಲೇ ಕಾರ್ಬ್ಯುರೇಟರ್ ಕಾರುಗಳಿಂದ ಹೋಗಿತ್ತು, ಅದರ ರಿಪೇರಿ ಕಿಟ್ಟುಗಳನ್ನು ನಾವು ಕೆಜಿ ಲೆಕ್ಕದಲ್ಲಿ ಮೋಡಕಿಗೆ ಹಾಕಿದೆವು. ಆಟದಲ್ಲಿ ವರ್ಷ ಹಿಂದೆ ತಿರುಗಿಸಬಹುದು, ಗೋದಾಮಿನಲ್ಲಿ ಉಳಿದ ಮಾಲಿಗೆ ಅದು ಬರುವುದಿಲ್ಲ.

ಒಳ್ಳೆಯ ಇಂಜಿನ್ ಯಾವುದು ಎಂಬುದಕ್ಕೆ ಆಟದ ಉತ್ತರ ಮತ್ತು ನಮ್ಮ ಉತ್ತರ ಬೇರೆಯಾಗುವುದು ಎಲ್ಲಿ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇವೆ. 1930ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಂದ ಲಿಸ್ಟರ್ ಮಾದರಿಯ ಒಂದು ಸಿಲಿಂಡರಿನ ಡೀಸೆಲ್ ಇಂಜಿನ್ ಸುಮಾರು 1400 ಸಿಸಿಯದು. ಅದು ಕೊಡುತ್ತಿದ್ದುದು 6 ಎಚ್‌ಪಿ ಮಾತ್ರ, ಅದೂ ನಿಮಿಷಕ್ಕೆ 650 ಸುತ್ತಿಗೆ. ಅಷ್ಟೇ ಗಾತ್ರದ ಕಾರಿನ ಇಂಜಿನ್ ಇಂದು 80-90 ಎಚ್‌ಪಿ ಕೊಡುತ್ತದೆ. ಮೊಮ್ಮಗನಿಗೆ ಹೇಳಿದಾಗ "ಇದನ್ನ ಯಾರ ತಗೋತಿದ್ರಜ್ಜಾ?" ಎಂದು ನಕ್ಕ. ಆದರೆ ರಾಜಕೋಟದ ಕಾರಖಾನೆಗಳು ಅದೇ ಮಾದರಿಯನ್ನು ದಶಕಗಳ ಕಾಲ ಎರಕ ಹೊಯ್ದು ಮಾರಿದವು. ಯಾಕೆಂದರೆ ಅದು ಹೋಗಿ ಕೂಡುತ್ತಿದ್ದುದು ಮಿಸ್ತ್ರಿ ಇಲ್ಲದ ಊರಿನಲ್ಲಿ. ಮಣ್ಣು ಬಿದ್ದ ಡೀಸೆಲ್, ಎಣ್ಣೆ ಬದಲಿಸಲು ಮರೆಯುವ ಆಳು, ಮಳೆ ಬಿಸಿಲಿಗೆ ತಗಡಿನ ಒಂದು ಮಾಡು. ಅಂಥಲ್ಲಿ ನಿಧಾನವಾಗಿ ತಿರುಗುವ ಭಾರವಾದ ಇಂಜಿನ್ನೇ ಬಾಳುತ್ತಿತ್ತು. ಆಟದ ಪಟ್ಟಿಯಲ್ಲಿ ನಪಾಸಾಗುವ ಇಂಜಿನ್ ಹೊಳೆಯ ದಂಡೆಯಲ್ಲಿ ಮೊದಲನೆಯ ದರ್ಜೆಯಲ್ಲಿ ಪಾಸಾಗಿತ್ತು.

ನಮ್ಮ ಭಾಗಕ್ಕೆ ಈ ಪಾಠ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಪ್ರಾರಂಭಿಸಿದರು. 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ, ಕಳ್ಳಿ ಬೆಳೆದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಇಂದು ಅದು ನಮ್ಮ ಸಾಂಗಲಿ ಜಿಲ್ಲೆಯಲ್ಲಿದೆ. ಅವರ ಕಬ್ಬಿಣದ ನೇಗಿಲನ್ನು ಮೊದಲು ರೈತರು ಮುಟ್ಟಲಿಲ್ಲ, ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಎಂದರು. ಕಾರಖಾನೆಯಲ್ಲಿ ಪಾಸಾದದ್ದು ಹೊಲದಲ್ಲಿ ಪಾಸಾಗಲು ಕಾಲ ಬೇಕಾಯಿತು. 1946ರಲ್ಲಿ ಅದೇ ಮನೆತನದವರು ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿ ತೆಗೆದರು. ಅವರ ಎವಿ-1 ಅನ್ನು ಮೇಲೆ ಹೇಳಿದೆವು. ಅದರ ಅಣ್ಣನಂಥ ಟಿವಿ-1 ಇಂಜಿನ್ನಿನ ಸ್ಟ್ರೋಕ್ ಅದೇ 110, ಬೋರ್ ಮಾತ್ರ 87.5. ಗಾತ್ರ 553 ಸಿಸಿಯಿಂದ 661ಕ್ಕೆ ಏರಿತು, ಶಕ್ತಿ 5 ಎಚ್‌ಪಿಯಿಂದ 7ಕ್ಕೆ. ಹಾಗೆಂದು ಹಳೆಯದರ ಬೋರ್ ಕೊರೆದು ದೊಡ್ಡದು ಮಾಡಿದರೆ 7 ಎಚ್‌ಪಿ ಆದೀತೆ? ಗಾತ್ರ ಏರಿದ್ದು ನೂರಕ್ಕೆ ಇಪ್ಪತ್ತು ಪಾಲು, ಶಕ್ತಿ ಏರಿದ್ದು ನಲವತ್ತು ಪಾಲು. ಉಳಿದದ್ದಕ್ಕಾಗಿ ಕಂಪ್ರೆಷನ್ನು, ಡೀಸೆಲ್ಲಿನ ಪ್ರಮಾಣ ಎಲ್ಲ ಸೇರಿ ಬದಲಾಗಬೇಕು. ಒಂದನ್ನೇ ಮುಟ್ಟಿ ಉಳಿದದ್ದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ಕೈಯಿಂದಲೇ ಕಲಿತೆವು. ಆ ಕಥೆಯನ್ನು ಈ ಅಂಕಣದಲ್ಲಿ ಇಷ್ಟು ವರ್ಷ ಬರೆದಿರಲಿಲ್ಲ. ಮೊಮ್ಮಗನಿಗೆ ಹೇಳಿದ ಮೇಲೆ ನಿಮ್ಮಿಂದ ಮುಚ್ಚಿಡುವುದು ಸರಿಯೆನಿಸಲಿಲ್ಲ.

1984ರ ಬೇಸಿಗೆ. ನಮಗೆ ಇಪ್ಪತ್ತೈದರ ವಯಸ್ಸು. ತೀರ್ಥರೂಪರು ಅಂಗಡಿಯ ಗಾದಿಯ ಮೇಲೆ, ನಾವು ಕೌಂಟರಿನಲ್ಲಿ. ಕೃಷ್ಣಾ ದಂಡೆಯ ಒಂದು ಹಳ್ಳಿಯ ರೈತನಿಗೆ 5 ಎಚ್‌ಪಿಯ ಇಂಜಿನ್ ಪಂಪಿನ ಸೆಟ್ ನಮ್ಮ ಅಂಗಡಿಯಿಂದಲೇ ಹೋಗಿತ್ತು, ಅರ್ಧ ಉದ್ರಿ. ಹೊಳೆ ಇಳಿದಾಗ ಅವನು ಬಂದು, "ಸಾಹುಕಾರ್ರ, ಕಬ್ಬಿನ ಕಡೀ ಸಾಲಿಗೆ ನೀರ ಮುಟ್ಟವಲ್ದು, ಏನಾರ ಮಾಡ್ರಿ" ಎಂದ. ನಿಜವಾಗಿ ಅವನಿಗೆ ಬೇಕಾಗಿದ್ದುದು ದೊಡ್ಡ ಸೆಟ್ಟು. ಹಾಗೆಂದರೆ ಗಿರಾಕಿ ಹೋದಾನು, ಉದ್ರಿಯೂ ಸಿಕ್ಕಿಕೊಂಡೀತು ಎಂಬ ಲೆಕ್ಕ ನಮ್ಮ ತಲೆಯಲ್ಲಿ. ತೀರ್ಥರೂಪರನ್ನು ಕೇಳದೆ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ ಗವರ್ನರಿನ ಸ್ಪ್ರಿಂಗ್ ಬಿಗಿ ಮಾಡಿಸಿದೆವು. ಮಿಸ್ತ್ರಿ ಬೇಡವೆಂದ, ನಾವು ಕೇಳಲಿಲ್ಲ. 1500 ಸುತ್ತಿನ ಇಂಜಿನ್ 1700ಕ್ಕೆ ಓಡತೊಡಗಿತು. ನೀರು ಕೊನೆಯ ಸಾಲಿಗೆ ಮುಟ್ಟಿತು. ರೈತ ನಮಗೆ ಬೆಲ್ಲದ ಒಂದು ಪೆಂಟಿ ಕಳಿಸಿಕೊಟ್ಟ.

ಇದರ ನಿಜವಾದ ಲೆಕ್ಕವನ್ನು ನಮಗೆ ಒಬ್ಬ ಇಂಜಿನಿಯರರು ಮುಂದೆ ಎಷ್ಟೋ ದಿನಗಳ ಮೇಲೆ ತಿಳಿಸಿಕೊಟ್ಟರು. ಸುತ್ತು 1500ರಿಂದ 1700ಕ್ಕೆ ಏರಿದರೆ ಪಂಪು ಎತ್ತುವ ನೀರು ನೂರಕ್ಕೆ ಹದಿಮೂರು ಪಾಲು ಹೆಚ್ಚುತ್ತದೆ. ಆದರೆ ಪಂಪು ಕೇಳುವ ಶಕ್ತಿ ಸುತ್ತಿನ ಮೂರರ ಘಾತದಲ್ಲಿ ಏರುತ್ತದೆ, ಅಂದರೆ ನೂರಕ್ಕೆ ನಲವತ್ತಾರು ಪಾಲು. ಪಿಸ್ಟನ್ ಮೇಲೆ ಕೆಳಗೆ ಹೊರಳುವಾಗ ರಾಡನ್ನು ಜಗ್ಗುವ ಬಲ ಎರಡರ ಘಾತದಲ್ಲಿ, ಅಂದರೆ ಇಪ್ಪತ್ತೆಂಟು ಪಾಲು. ಜಮೆಯ ಕಡೆ ಹದಿಮೂರು, ಖರ್ಚಿನ ಕಡೆ ನಲವತ್ತಾರು ಮತ್ತು ಇಪ್ಪತ್ತೆಂಟು. ಇಂಥ ವ್ಯಾಪಾರವನ್ನು ಯಾವ ಶಹಾಣ್ಯಾ ವ್ಯಾಪಾರಿಯೂ ಮಾಡಲಾರ. ಆದರೆ ಅಂದು ನಮಗೆ ಕಂಡದ್ದು ಜಮೆ ಮಾತ್ರ. ಖರ್ಚು ಇಂಜಿನ್ನಿನ ಹೊಟ್ಟೆಯೊಳಗೆ ಬರೆಯಲ್ಪಡುತ್ತಿತ್ತು.

ಎರಡು ತಿಂಗಳು ಕಪ್ಪು ಹೊಗೆ ಉಗುಳುತ್ತ ಓಡಿತು. ಮೇ ತಿಂಗಳ ಒಂದು ಮಧ್ಯಾಹ್ನ ರಾಡಿನ ಬೋಲ್ಟು ಮುರಿದು, ರಾಡು ಕ್ರ್ಯಾಂಕ್‌ಕೇಸನ್ನು ಒಡೆದುಕೊಂಡು ಹೊರಗೆ ಬಂತು. ಬೀಡಿನ ಚೂರು ಆ ರೈತನ ಮಗನ ಕಿವಿಯ ಪಕ್ಕದಿಂದ ಹಾದು ತಗಡಿನ ಗೋಡೆಗೆ ತೂತು ಹಾಕಿತು. ಹುಡುಗ ಆಗ ಎಣ್ಣೆ ಡಬ್ಬಿ ಎತ್ತಲು ಬಗ್ಗಿದ್ದ. ಬಗ್ಗಿರದಿದ್ದರೆ? ಈ ಪ್ರಶ್ನೆ ನಮ್ಮನ್ನು ನಲವತ್ತು ವರ್ಷಗಳಿಂದ ಬಿಟ್ಟಿಲ್ಲ.

ರೈತ ಅಂಗಡಿಗೆ ಬಂದು ಮಾತಾಡದೆ ನಿಂತ. ಕಂಪನಿಯ ಮಾಲೇ ಕೆಟ್ಟದ್ದಿರಬೇಕು ಎಂದು ನಾವು ಬಾಯಿ ತೆಗೆದೆವು. ತೀರ್ಥರೂಪರು ಮಿಸ್ತ್ರಿಯ ಮುಖ ನೋಡಿದರು, ನಮ್ಮ ಮುಖ ನೋಡಿದರು. ಅವರಿಗೆ ತಿಳಿಯಿತು. "ಮುರದದ್ದು ಅವನ ಹೊಲದಾಗ. ಮುರಿಸಿದ್ದು ನಮ್ಮ ಅಂಗಡಿ. ಈ ಖರ್ಚು ಯಾರ ಖಾತೆಗೆ ಬರೀತೀಯೋ ತಮ್ಮಾ?" ಎಂದು ಕೇಳಿದರು. ಅಂದೇ ಬೇರೆ ಸೆಟ್ ಕಳಿಸಿದರು. ಹಳೆಯ ಉದ್ರಿಯನ್ನು ಹೊಡೆದು ಹಾಕಿದರು. ಅದು ಆ ವರ್ಷದ ನಮ್ಮ ನಫೆಯ ದೊಡ್ಡ ಪಾಲು. ಆದರೂ ಹೊಸ ಸೆಟ್ ಜೋಡಿಸಿ ನೀರು ಹಾಯುವಷ್ಟರಲ್ಲಿ ಅವನ ಅರ್ಧ ಎಕರೆ ಎಳೆಯ ಕಬ್ಬು ಒಣಗಿತ್ತು. ಅವನು ಮತ್ತೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನಾವು ಕೊಟ್ಟದ್ದೆಲ್ಲ ಕೊಟ್ಟರೂ ಆ ಖಾತೆ ಚುಕ್ತಾ ಆಗಲಿಲ್ಲ ಎಂದೇ ನಮ್ಮ ಭಾವನೆ.

ಮೊಮ್ಮಗ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಆಟದಾಗ ಇಂಜಿನ್ ಮುರದ್ರ ನಂದಷ್ಟ ಮುರೀತೈತಜ್ಜಾ" ಎಂದ. ಅವನು ಹೇಳಿದ್ದು ಸರಿ. ಆಟ ಎಲ್ಲ ಖರ್ಚುಗಳನ್ನೂ ಆಡುವವನ ಖಾತೆಗೇ ಬರೆಯುತ್ತದೆ. ಧಂದೆಯಲ್ಲಿ ನಮ್ಮ ತಪ್ಪಿನ ಖರ್ಚು ಅನೇಕ ಸಲ ನಮಗೆ ಗುರುತಿಲ್ಲದ ಮನುಷ್ಯನ ಖಾತೆಗೆ ಬೀಳುತ್ತದೆ.

ಮರುದಿನ ಅವನನ್ನು ಕುಪವಾಡ ಎಂಐಡಿಸಿಗೆ ಕರೆದುಕೊಂಡು ಹೋದೆವು. ಅಲ್ಲಿ ನಮ್ಮದೊಂದು ಸಣ್ಣ ಮಶೀನ್ ಶಾಪ್ ಇದೆ, ಲೈನರು ಬುಷ್ಷುಗಳಿಗೆ ಕೊನೆಯ ಅಳತೆ ಕೊಡುವ ಕೆಲಸ. ಮೊದಲು ಪರಿಚಯದವರ ಒಂದು ಫೌಂಡ್ರಿ ತೋರಿಸಿದೆವು. ಸುಮಾರು 1400 ಡಿಗ್ರಿಯ ಬೀಡಿನ ರಸ ಮರಳಿನ ಅಚ್ಚಿಗೆ ಇಳಿಯುವುದನ್ನು ಅವನು ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಹಿತ್ತಲಲ್ಲಿ ಗುಡ್ಡೆ ಹಾಕಿದ್ದ ರಿಜೆಕ್ಷನ್ ಮಾಲು. ಮೇಲೆ ನೋಡಿದರೆ ಎಲ್ಲ ಸರಿ. ಅಚ್ಚು ಹಸಿಯಿದ್ದರೆ, ರಸ ಸ್ವಲ್ಪ ಆರಿದ್ದರೆ ಒಳಗೆ ಗಾಳಿಯ ಗುಳ್ಳೆ ಉಳಿಯುತ್ತದೆ. ಅದು ಕಾಣುವುದು ಲೇಥಿನ ಮೇಲೆ ಅರ್ಧ ಕೊರೆದ ಮೇಲೆ. ಅಷ್ಟರಲ್ಲಿ ಕರೆಂಟು, ಕೂಲಿ, ಟೂಲು ಎಲ್ಲ ಖರ್ಚಾಗಿರುತ್ತದೆ. "ನಿನ್ನ ಗುಣಮಟ್ಟದ ಗುಂಡಿ ಇದ ನೋಡಪಾ" ಎಂದೆವು.

ನಮ್ಮ ಶಾಪಿನಲ್ಲಿ ಹಿರಿಯ ಮಿಸ್ತ್ರಿ ಅವನ ಕೈಗೆ ಬೋರ್ ಅಳೆಯುವ ಡಯಲ್ ಗೇಜ್ ಕೊಟ್ಟರು. ಮಿಲಿಮೀಟರಿನ ನೂರನೆಯ ಪಾಲು. ಅಲ್ಯುಮಿನಿಯಂ ಕಾಯ್ದಾಗ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಪಿಸ್ಟನ್ನಿಗೂ ಲೈನರಿಗೂ ನಡುವೆ ಲೆಕ್ಕದ ಸಂದು ಬಿಡಬೇಕು. ಕಡಿಮೆ ಬಿಟ್ಟರೆ ಕಾಯ್ದ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚು ಬಿಟ್ಟರೆ ಬಡಿಯುತ್ತದೆ, ಎಣ್ಣೆ ಕುಡಿಯುತ್ತದೆ. ಒಂದೇ ಲೈನರನ್ನು ಮೂರು ಸಲ ಅಳೆದು ಅವನು ಮೂರು ಬೇರೆ ಅಂಕಿ ಹೇಳಿದ. ಮಿಸ್ತ್ರಿ ನಗಲಿಲ್ಲ. "ಸಾವಕಾಶ್ರೀ, ಕೈ ಕಲೀಬೇಕು" ಎಂದರು.

ಈಗ ನಮ್ಮ ಮನೆಯ ನಿಜವಾದ ಪ್ರಶ್ನೆಗೆ ಬರುತ್ತೇವೆ. ಇದು ನಿಮ್ಮಲ್ಲಿ ಅನೇಕರ ಮನೆಯ ಪ್ರಶ್ನೆಯೂ ಹೌದು. ಮಗ ಹೇಳುತ್ತಾನೆ: ಹುಡುಗ ಬಿ.ಕಾಂ. ಮಾಡಲಿ, ಗಾದಿಯ ಮೇಲೆ ಕೂಡಲಿ, ಇಲ್ಲವೇ ಬೇರೆ ಧಂದೆ ನೋಡಲಿ, ಇಂಜಿನ್ನಿನದು ಇನ್ನು ಎಷ್ಟು ದಿನದ ಮಾತು? ಅವನ ಮಾತಿನಲ್ಲಿ ಸುಳ್ಳಿಲ್ಲ. ಹೊಳೆಯ ದಂಡೆಯಲ್ಲಿ ಇಂದು ಕರೆಂಟಿನ ಮೋಟಾರುಗಳು, 2019ರಲ್ಲಿ ಕೇಂದ್ರ ಸರ್ಕಾರದ ಕುಸುಮ್ ಯೋಜನೆ ಬಂದ ಮೇಲೆ ಸೂರ್ಯನ ಬಿಸಿಲಿನ ಪಂಪುಗಳೂ ಬಂದಿವೆ. ರಸ್ತೆಯಲ್ಲಿ ಬ್ಯಾಟರಿಯ ಗಾಡಿಗಳು. ಅವುಗಳಿಗೆ ಪಿಸ್ಟನ್ ಬೇಡ, ರಿಂಗು ಬೇಡ. ಮೊಮ್ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎನ್ನುತ್ತಾನೆ. ಆಟ ಆಡಿ ಹತ್ತಿದ ಹುಚ್ಚು, ಇಳಿದೀತು ಎಂದು ಮಗನ ವಾದ. ಮೊದಲು ನಾವೂ ಮಗನ ಕಡೆಯೇ ಇದ್ದೆವು.

ಕೊನೆಗೆ ಒಂದು ಒಪ್ಪಂದ ಮಾಡಿದೆವು. ಅರ್ಜಿ ತುಂಬುವ ಮೊದಲು ಎರಡು ತಿಂಗಳು ಅವನು ಕುಪವಾಡದ ಶಾಪಿನಲ್ಲಿ ಕೆಲಸಗಾರರ ಹೊತ್ತಿಗೆ ಹೋಗಿ ಅವರ ಹೊತ್ತಿಗೇ ಬರಬೇಕು. ಮಾಲಕರ ಮೊಮ್ಮಗನೆಂದು ಕುರ್ಚಿ ಇಲ್ಲ. ಸಂಜೆ ಒಂದು ತಾಸು ಆಟ, ಅದೂ ಊಟ ಆದ ಮೇಲೆ. ಹುಚ್ಚಾದರೆ ಇಳಿಯುತ್ತದೆ, ಆಸೆಯಾದರೆ ಉಳಿಯುತ್ತದೆ.

ಈಗ ಐದನೆಯ ವಾರ. ಅಂಗೈಯಲ್ಲಿ ಬೀಡಿನ ಚೂರು ಸಿಕ್ಕು ಸೊಸೆ ಕಣ್ಣೀರು ಹಾಕಿದ್ದೂ ಆಯಿತು. ಅವನು ಮಾಡಿದ ಒಂದು ಕೆಲಸ ಹೇಳುತ್ತೇವೆ. ಅಳತೆ ತಪ್ಪಿದ ಪ್ರತಿಯೊಂದು ಲೈನರಿನ ದಿನ, ತಾಸು, ಮಶೀನು ಒಂದು ನೋಟಬುಕ್ಕಿನಲ್ಲಿ ಬರೆಯುತ್ತ ಹೋದ. ಮೂರು ವಾರದ ಮೇಲೆ ನಮಗೆ ತೋರಿಸಿದ. ತಪ್ಪಿದವುಗಳಲ್ಲಿ ಹೆಚ್ಚಿನವು ಮುಂಜಾನೆಯ ಮೊದಲ ತಾಸಿನವು. ರಾತ್ರಿಯೆಲ್ಲ ತಣ್ಣಗಿದ್ದ ಮಶೀನು ಓಡಿ ಕಾಯುವವರೆಗೆ ಅದರ ಅಳತೆ ಸರಿಯುತ್ತದೆ. "ಆಟದಾಗ ಮಶೀನ್ ಕಾಯೂದಿಲ್ಲಜ್ಜಾ, ಹಿಂಗಾಗಿ ನಂಗ ಗೊತ್ತ ಇರಲಿಲ್ಲ" ಎಂದ. ಮಿಸ್ತ್ರಿಗೆ ಇದು ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವರು ಹೇಳಲಿಲ್ಲ, ನಾವು ಬರೆದಿಡಲಿಲ್ಲ. ಈಗ ಮುಂಜಾನೆ ಅರ್ಧ ತಾಸು ಮಶೀನು ಖಾಲಿ ಓಡಿಸಿ, ಆಮೇಲೆ ಮಾಲು ಹಚ್ಚುತ್ತೇವೆ. ಕರೆಂಟಿನ ಖರ್ಚು ಸ್ವಲ್ಪ ಏರಿತು, ಮೋಡಕಿಯ ಗುಡ್ಡೆ ಅದಕ್ಕಿಂತ ಹೆಚ್ಚು ಇಳಿಯಿತು. ಮಗ ಆ ನೋಟಬುಕ್ಕನ್ನು ಎರಡು ಸಲ ತಿರುವಿ ನೋಡಿದ, ಏನೂ ಅನ್ನಲಿಲ್ಲ. ಅವನು ನಮ್ಮ ಮಗ. ಜಮೆಯ ಅಂಕಿ ಕಂಡಾಗ ಸುಮ್ಮನಾಗುತ್ತಾನೆ ಎಂಬುದು ನಮಗೆ ಗೊತ್ತು.

ಅವನು ಯಾವ ಕಾಲೇಜಿಗೆ ಹೋಗುತ್ತಾನೆ ಎಂಬುದು ಇನ್ನೂ ನಿಶ್ಚಯವಾಗಿಲ್ಲ. ನಿಶ್ಚಯವಾದಾಗ ತಿಳಿಸುತ್ತೇವೆ. ಓದುಗ ತಂದೆ ತಾಯಂದಿರಿಗೆ, ನಮ್ಮಂಥ ಅಜ್ಜಂದಿರಿಗೆ ನಮ್ಮ ವಿನಂತಿ ಇಷ್ಟೇ. ಮಕ್ಕಳ ಕೈಯಿಂದ ಕಂಪ್ಯೂಟರ್ ಕಸಿದುಕೊಳ್ಳುವ ಮೊದಲು ಒಂದು ಸಂಜೆ ಪಕ್ಕದಲ್ಲಿ ಕುಳಿತು ಅದರಲ್ಲಿ ಏನಿದೆ ಎಂದು ನೋಡಿರಿ. ಕೆಲವು ಆಟಗಳು ಹೊತ್ತು ತಿನ್ನುವಂಥವು, ಅವುಗಳನ್ನು ನಿಲ್ಲಿಸಿರಿ. ಲೆಕ್ಕ ಕಲಿಸುವಂಥದ್ದಾದರೆ ಅದರ ಮುಂದಿನ ಪಾಠವನ್ನು ನಿಮ್ಮ ಅಂಗಡಿಯಲ್ಲಿ, ಗೋದಾಮಿನಲ್ಲಿ, ಕಾರಖಾನೆಯಲ್ಲಿ ನೀವೇ ಕಲಿಸಿರಿ. ನಿಮ್ಮ ನಫೆಯ ಕಥೆಗಳ ಜೊತೆಗೆ ನುಕ್ಸಾನಿನ ಕಥೆಗಳನ್ನೂ ಹೇಳಿರಿ. ನಮ್ಮ ತೀರ್ಥರೂಪರು ಅಂದು ಕೇಳಿದ ಪ್ರಶ್ನೆಯನ್ನು ನಾವು ನಮ್ಮ ಮೊಮ್ಮಗನ ನೋಟಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಟ್ಟಿದ್ದೇವೆ: ಈ ಖರ್ಚು ಯಾರ ಖಾತೆಗೆ?

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.